ಬೆಂಗಳೂರಿನ ಪೇಟೆಯೊಳಗೆ ಕಮರ್ಷಿಯಲ್ ಬಿಲ್ಡಿಂಗ್ ಕಟ್ಟೋರು ಮೊದಲು ಪಾರ್ಕಿಂಗ್ ಲೆಕ್ಕ ಹಾಕಿ

ಶಿವಾಜಿನಗರ, ಗಾಂಧಿನಗರ, ಶಾಂತಿನಗರದ ಕಡೆ ಹಳೇ ಮನೆ ಕೆಡವಿ ಆಫೀಸೋ ಅಂಗಡಿಗಳೋ ಕಟ್ಟಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕೇಳೋದು ಎಷ್ಟು ಮಹಡಿ ಏರಿಸಬಹುದು ಅಂತ. ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ, ಎಷ್ಟೇ ಇರಲಿ, ಸಣ್ಣ ಸೈಟಿನಲ್ಲಿ ಮಹಡಿ ಎಷ್ಟು ಅಂತ ತೀರ್ಮಾನ ಮಾಡೋದು ಪಾರ್ಕಿಂಗ್. ಹಾಗಾಗಿ ಎಲಿವೇಷನ್ ಚಿತ್ರ ನೋಡಿ ಖುಷಿಪಡೋ ಮುಂಚೆ ಒಂದು ಹಾಳೆ ತಗೊಂಡು ಈ ಲೆಕ್ಕ ಮಾಡಿ.

ಬಿಡಿಎಯ ಪರಿಷ್ಕೃತ ಮಾಸ್ಟರ್ ಪ್ಲಾನ್ 2015, ಅಂದರೆ 2007ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಅದರ ಜೋನಿಂಗ್ ನಿಯಮದಲ್ಲಿ ಖಾಸಗಿ ಆಫೀಸು ಮತ್ತು ಅಂಗಡಿಗಳಿಗೆ 50 ಚದರ ಮೀಟರ್‌ಗೆ ಒಂದು ಕಾರಿನ ಜಾಗ ಬೇಕು. 50 ಚದರ ಮೀಟರ್ ಅಂದರೆ ಸುಮಾರು 538 ಚದರ ಅಡಿ. ಹೋಟೆಲ್, ಲಾಡ್ಜ್, ಆಸ್ಪತ್ರೆ, ಕಲ್ಯಾಣ ಮಂಟಪಕ್ಕೆಲ್ಲ ಲೆಕ್ಕ ಬೇರೆ. ಈ ನಿಯಮಗಳಿಗೆ ಆಗಾಗ ತಿದ್ದುಪಡಿ ಬರುತ್ತಲೇ ಇರುತ್ತದೆ, ಅದಕ್ಕೇ ಅರ್ಜಿ ಹಾಕೋ ದಿನ ಯಾವುದು ಜಾರಿಯಲ್ಲಿದೆ ಅಂತ ಆರ್ಕಿಟೆಕ್ಟ್ ಹತ್ತಿರ ಅಧಿಸೂಚನೆಯನ್ನೇ ಕೇಳಿ ಓದಿ, ಬಾಯಿಮಾತು ನಂಬಬೇಡಿ.

ಈಗ ಒಂದು ಉದಾಹರಣೆ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ, ಎಲ್ಲ ಬಿಟ್ಟಮೇಲೆ ನಿಮಗೆ ಕಟ್ಟೋಕೆ 12 ಮೀಟರ್ ಅಗಲ, 21 ಮೀಟರ್ ಉದ್ದ ಉಳಿಯಿತು ಅಂತಿಟ್ಟುಕೊಳ್ಳಿ. ಮಹಡಿಗೆ ಸುಮಾರು 250 ಚದರ ಮೀಟರ್. ನಾಲ್ಕು ಮಹಡಿ ಆಫೀಸ್ ಅಂದರೆ 1000, ಅಂದರೆ 20 ಕಾರು. ಕಾರು ನಿಲ್ಲೋ ಚೌಕ 2.5 ಮೀಟರ್ ಅಗಲ, 5.5 ಮೀಟರ್ ಉದ್ದ, ಆದರೆ ಕಾರು ಹಾರಿ ಬರೋದಿಲ್ಲವಲ್ಲ, ಓಡಾಡೋ ದಾರಿ, ತಿರುವು, ರಾಂಪ್, ಕಂಬ ಎಲ್ಲ ಸೇರಿಸಿ ಪ್ಲಾನಿಂಗಿನವರು ಬೇಸ್‌ಮೆಂಟಿನಲ್ಲಿ ಕಾರಿಗೆ 32, ಸ್ಟಿಲ್ಟ್‌ನಲ್ಲಿ (ಗೋಡೆಯಿಲ್ಲದೆ ಬರೀ ಕಂಬಗಳಿರೋ ನೆಲಮಹಡಿ) 28, ಬಯಲಲ್ಲಿ 23 ಚದರ ಮೀಟರ್ ಹಿಡಿಯುತ್ತಾರೆ. ಬೇಸ್‌ಮೆಂಟೂ ಅಷ್ಟೇ ಅಳತೆ ಅಂದುಕೊಂಡರೆ ಅಲ್ಲಿ 7 ಕಾರು, ಸ್ಟಿಲ್ಟ್‌ನಲ್ಲಿ 9 ಕಾರು. ಒಟ್ಟು 16. ಇನ್ನೂ 4 ಕಾರು ಬಾಕಿ. ಅದನ್ನು ಹೊಂದಿಸಬೇಕು ಅಂದರೆ 200 ಚದರ ಮೀಟರ್ ಆಫೀಸ್ ಜಾಗ ಕೈಬಿಡಬೇಕು, ಇಲ್ಲಾ ಎರಡನೇ ಬೇಸ್‌ಮೆಂಟ್ ಅಗೆಯಬೇಕು. ಸ್ಟಿಲ್ಟ್‌ಗೆ ಕೊಟ್ಟಿದ್ದು ನೆಲಮಹಡಿ ಅನ್ನೋದೂ ನೆನಪಿರಲಿ, ಪೇಟೆಯಲ್ಲಿ ಜಾಸ್ತಿ ಬಾಡಿಗೆ ಬರೋದೇ ಅಲ್ಲಿ!

ರಾಂಪ್ ಇನ್ನೊಂದು ತಲೆನೋವು. ಇಳಿಜಾರು 1:8 ಮೀರಬಾರದು, ಅಂದರೆ ಒಂದು ಮೀಟರ್ ಇಳಿಯೋಕೆ 8 ಮೀಟರ್ ಉದ್ದ ಬೇಕು. ಬೇಸ್‌ಮೆಂಟ್ 3 ಮೀಟರ್ ಕೆಳಗಿದ್ದರೆ ರಾಂಪೇ 24 ಮೀಟರ್ ಆಯಿತು. ನಮ್ಮ ಕಟ್ಟಡ ಇರೋದೇ 21! ಹಾಗಾಗಿ ತಿರುಗಿಸಬೇಕು, ತಿರುಗಿಸಿದರೆ ಇನ್ನೆರಡು ಕಾರಿನ ಜಾಗ ಹೋಗುತ್ತದೆ. ಕೆಲವರು ಅದಕ್ಕೇ ಕಾರ್ ಲಿಫ್ಟ್ ಅಥವಾ ಒಂದರ ಮೇಲೊಂದು ನಿಲ್ಲಿಸೋ ಸ್ಟ್ಯಾಕ್ ಪಾರ್ಕಿಂಗ್ ಹಾಕಿಸುತ್ತಾರೆ. ಸಣ್ಣ ಸೈಟಿಗೆ ಅದು ಒಳ್ಳೆಯದೇ, ಆದರೆ ಸ್ಟ್ಯಾಕಿಗೆ ಸುಮಾರು 3.5 ಮೀಟರ್ ಎತ್ತರ ಖಾಲಿ ಬೇಕು, ಅದನ್ನು ಅಗೆಯೋ ಮುಂಚೆಯೇ ಹೇಳಬೇಕು. ಜನರೇಟರ್, ಆಪರೇಟರ್ ಖರ್ಚು ಬೇರೆ. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ಬಂದಾಗ ಲಿಫ್ಟ್ ಮುಂದೆ ಸಾಲು ರಸ್ತೆಗೆ ಬರುತ್ತದೆ, ಹಾಗಾಗಿ ಗೇಟಿನೊಳಗೇ ಎರಡು ಕಾರು ಕಾಯೋಕೆ ಜಾಗ ಬಿಡಿ.

ಕಂಬಗಳ ಅಂತರ ಆಫೀಸಿನ ಅಂದಕ್ಕಲ್ಲ, ಕಾರಿಗೆ ತಕ್ಕಂತೆ ಇಡಿ. ಎರಡು ಕಂಬದ ನಡುವೆ 7.5 ಮೀಟರ್ ಖಾಲಿ ಸಿಕ್ಕಿದರೆ ಮೂರು ಕಾರು ಕೂರುತ್ತವೆ. 7 ಮೀಟರ್ ಬಿಟ್ಟರೆ ಎರಡೇ. ಅರ್ಧ ಮೀಟರ್‌ಗೆ ಒಂದು ಕಾರು ಸುಮ್ನೆ ಹೋಯಿತು. ರಾಂಪ್ ಶುರುವಾಗೋ ಕಡೆ ಒಂದು ಗೇಣು ಎತ್ತರದ ಉಬ್ಬು, ಕೆಳಗೆ ಸಂಪು ಮತ್ತು ಪಂಪು ಬೇಕೇ ಬೇಕು, ಮೇ ತಿಂಗಳ ಒಂದು ಮಳೆ ಸಾಕು ಬೇಸ್‌ಮೆಂಟ್ ತುಂಬೋಕೆ.

ಅಂಗವಿಕಲರಿಗೆ ಬಾಗಿಲಿನಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲದ ಎರಡು ಜಾಗ ಇಡಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎಲೆಕ್ಟ್ರಿಕ್ ಗಾಡಿಗೆ ಕೇಂದ್ರದ ಮಾದರಿ ಬೈಲಾದಲ್ಲಿ 2019ರಿಂದ ಶೇ. 20ರಷ್ಟು ಜಾಗ ಅಂತಿದೆ, ಕನಿಷ್ಠ ಪೈಪು, ಕೇಬಲ್ ದಾರಿಯನ್ನಾದರೂ ಈಗಲೇ ಹಾಕಿಸಿ. ಬೈಕುಗಳನ್ನು ಮರೀಬೇಡಿ. ನಿಯಮದ ಲೆಕ್ಕ ಕಾರಿನದ್ದು, ಆದರೆ ನಿಮ್ಮ ಬಾಡಿಗೆದಾರರ ಹುಡುಗರು ಬರೋದು ಸ್ಕೂಟರ್‌ನಲ್ಲಿ.

ಇನ್ನು ಮಂಜೂರಾತಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ಪಾಲಿಕೆ ಬಂದಿವೆ, ಈ ಹಳೇ ಪೇಟೆಗಳು ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರುತ್ತವೆ. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗ ಎಫ್‌ಎಆರ್ ಲೆಕ್ಕಕ್ಕೆ ಬರೋದಿಲ್ಲ. ಆ ಅನುಕೂಲ ತಗೊಂಡು ಆಮೇಲೆ ಅಲ್ಲೇ ಗೋಡೆ ಎತ್ತಿ ಗೋಡೌನ್ ಮಾಡೋ ಚಾಳಿ ನಮ್ಮಲ್ಲಿ ಜಾಸ್ತಿ, ಅಲ್ವಾ? ಈಗ ಅದು ಕಷ್ಟ. ಓಸಿ, ಅಂದರೆ ಕಟ್ಟಡ ಬಳಸಬಹುದು ಅನ್ನೋ ಪ್ರಮಾಣಪತ್ರ, ತೋರಿಸದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಪಾರ್ಕಿಂಗ್ ನಕ್ಷೆಯಂತೆ ಇಲ್ಲದಿದ್ದರೆ ಓಸಿಗೇ ತಕರಾರು. ಕಟ್ಟಿ ಮುಗಿದ ಮೇಲೆ ಗೆರೆ ಎಳೆದು ನಂಬರ್ ಹಾಕಿಸಿ, ಯಾವ ಬಾಡಿಗೆದಾರನಿಗೆ ಯಾವ ನಂಬರ್ ಅನ್ನೋದನ್ನು ಕರಾರಿನಲ್ಲೇ ಬರೆಸಿ.