ಹೊಲಿದ ರಂಪಣಿ ದೋಣಿಯನ್ನು ಸಂಗ್ರಹಾಲಯಕ್ಕೆ ತರುವಾಗ

1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಬಲೆಯ ತಳ ಬಿಗಿಯುವ ಪರ್ಸೀನ್ ಬೋಟುಗಳು ನಮ್ಮ ಕರಾವಳಿಗೆ ಬಂದ ಮೇಲೆ, ಉದ್ದನೆಯ ಬಲೆಯನ್ನು ದಡಕ್ಕೆ ಎಳೆದು ಮೀನು ಹಿಡಿಯುವ ರಂಪಣಿ ಹಿಂದೆ ಸರಿಯಿತು. ಬಂಗುಡೆ, ಬೂತಾಯಿಗೆ ಬಲೆ ಬಿಡುತ್ತಿದ್ದ ದೊಡ್ಡ ದೋಣಿಗಳು ದಡದ ಚಪ್ಪರದಲ್ಲೇ ಉಳಿದವು. ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟಿದ ದೋಣಿಗಳಿವು. ಊರಿನ ಸಂಗ್ರಹಾಲಯಕ್ಕೆ ಇಂಥದ್ದನ್ನು ತರುವಾಗ ನಾವು ಮೊದಲು ಪರೀಕ್ಷಿಸುವುದು ಹೊಲಿಗೆಯನ್ನೇ. ಮರ ಗಟ್ಟಿಯಿದ್ದರೂ ಹುರಿ ಒಣಗಿ ಪೆಡಸಾಗಿರುತ್ತದೆ. ಎತ್ತುವಾಗ ಭಾರ ಅದರ ಮೇಲೆ ಬಿದ್ದರೆ ಹಲಗೆ ಬಿಚ್ಚಿಕೊಳ್ಳುತ್ತದೆ.

ಅಲುಗಿಸುವ ಮೊದಲೇ ಎರಡು ತುದಿಗಳ ನಡುವೆ ದಾರ ಬಿಗಿದು, ಪ್ರತಿ 50 ಸೆಂ.ಮೀ.ಗೆ ದಾರದಿಂದ ತಳಕ್ಕಿರುವ ಆಳ ಬರೆದುಕೊಳ್ಳುತ್ತೇವೆ. ಸಾಗಿಸಿದ ಮೇಲೆ ಮತ್ತೆ ಅಳೆದರೆ ದೋಣಿ ಎಲ್ಲಿ ಜಗ್ಗಿದೆ ಎಂದು ತಿಳಿಯುತ್ತದೆ. ಎರಡು ತುದಿಗೆ ಹಗ್ಗ ಕಟ್ಟಿ ಎತ್ತಲೇಬಾರದು, ನಡು ಕುಸಿಯುತ್ತದೆ. ಅಗಲವಾದ ಬೆಲ್ಟುಗಳನ್ನು ತಳದಡಿ ನಾಲ್ಕೈದು ಕಡೆ ಹಾಕಬೇಕು. ಇಳಿಸುವ ಜಾಗದಲ್ಲಿ ಸುಮಾರು ಮೀಟರಿಗೊಂದರಂತೆ, ರಟ್ಟಿನಲ್ಲಿ ತಳದ ಆಕಾರ ತೆಗೆದು ಕೊರೆದ ಮರದ ಆಸರೆಗಳು ಸಿದ್ಧವಿರಬೇಕು. ಮೇಲೆ ಪಾಲಿಥೀನ್ ಫೋಮ್ ಹಾಸಿದರೆ ಸಾಕು. ಗೋಣಿಚೀಲ ತೇವ ಹಿಡಿದು ಬೂಸ್ಟು ತರುತ್ತದೆ.

ಉಪ್ಪು ತೆಗೆಯಲು ನೆನೆಹಾಕುವುದಿಲ್ಲ. ವರ್ಷಗಟ್ಟಲೆ ಒಣಗಿದ ಹಲಗೆ ಒಮ್ಮೆಲೇ ಉಬ್ಬಿ ಹುರಿಯನ್ನು ಕಡಿಯುತ್ತದೆ. ಹಿಂಡಿದ ಹತ್ತಿಬಟ್ಟೆಯಿಂದ ಒರೆಸುತ್ತೇವೆ, ಅದೂ ಮಳೆನೀರಿನಲ್ಲಿ, ಏಕೆಂದರೆ ಕಡಲಂಚಿನ ಬಾವಿನೀರಲ್ಲೇ ಉಪ್ಪಿರಬಹುದು. ಒರೆಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಹಾಲಿನಂತೆ ಬೆಳ್ಳಗಾದರೆ ಇನ್ನೂ ಉಪ್ಪಿದೆ. ಆಮೇಲೆ ನೆರಳಲ್ಲೇ, ನಿಧಾನವಾಗಿ ಒಣಗಬೇಕು. ಪ್ಲಾಸ್ಟಿಕ್ ಹೊದಿಸುವುದು ಬೇಡ.

ಹುಳಕ್ಕೆ 10 ಲೀಟರ್ ಬಿಸಿನೀರಲ್ಲಿ 240 ಗ್ರಾಂ ಬೋರಿಕ್ ಆಮ್ಲ, 360 ಗ್ರಾಂ ಬೋರಾಕ್ಸ್ ಕರಗಿಸಿ, ಆರಿದ ಮೇಲೆ ಬ್ರಷ್ಷಿನಿಂದ ಹಚ್ಚಬಹುದು. ಮೀನೆಣ್ಣೆ ಕುಡಿದ ಭಾಗ ಇದನ್ನು ಹೀರುವುದಿಲ್ಲ. ಹಾಗೆಂದು ಆ ಕಪ್ಪು ಪದರವನ್ನು ಕೆರೆಯಬೇಡಿ, ದೋಣಿ ದುಡಿದ ಗುರುತು ಅದು. ಮೇಲೆ ವಾರ್ನಿಷ್ ಬಳಿದು ಹೊಳಪಿಸುವುದೂ ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ನಂತರದ ರಿಪೇರಿಯಲ್ಲಿ ಹೊಡೆದ ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿ ನಾರುನಾರಾಗಿರುತ್ತದೆ. ಕಿತ್ತರೆ ಹಲಗೆಯೂ ಜೊತೆಗೆ ಬರುತ್ತದೆ. ತುಕ್ಕನ್ನು ಒಣ ಬ್ರಷ್ಷಿನಿಂದ ಉಜ್ಜಿ, ತಲೆಗಷ್ಟೇ ಟ್ಯಾನಿಕ್ ಆಮ್ಲ ಹಚ್ಚುತ್ತೇವೆ. ಮರಕ್ಕೆ ತಾಗಿದರೆ ಹೋಗದ ಕಲೆ.

ತುಂಡಾದ ಹುರಿಯನ್ನು ತೆಗೆಯುವುದಿಲ್ಲ. ಹೊಲಿಯಬಲ್ಲ ಹಿರಿಯರನ್ನು ಕರೆಸಿ, ಅದೇ ತೂತಿನಲ್ಲಿ ಜಾಗವಿದ್ದರೆ ಪಕ್ಕದಲ್ಲೇ ಹೊಸ ಹುರಿ ಹಾಕಿಸುತ್ತೇವೆ. ಅವರ ಕೈ ಓಡುವ ಕ್ರಮವನ್ನು ಹತ್ತಿರದಿಂದ ವಿಡಿಯೊ ಮಾಡಿ, ಹೊಸ ಹುರಿಗೆ ಬಣ್ಣದ ನೂಲು ಕಟ್ಟಿ, ದಿನಾಂಕ ಸಹಿತ ರಿಜಿಸ್ಟರಿಗೆ ಏರಿಸುತ್ತೇವೆ.