ಹಳೆಯ ಕಾರಿನ ಕಮಾನ್ ಪಟ್ಟೆ: ಎಷ್ಟು ಮುಟ್ಟಬಹುದು, ಎಲ್ಲಿ ನಿಲ್ಲಿಸಬೇಕು

ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಇನ್ನೂ ಜತನದಿಂದ ಓಡಿಸುತ್ತಿರುವ ಪದ್ಮಿನಿ, ಅಂಬಾಸಿಡರ್, ಓಮ್ನಿ, ಜಿಪ್ಸಿಗಳಿಗೆಲ್ಲ ಬರುವ ಕಾಯಿಲೆ ಒಂದೇ: ಹಿಂಭಾಗ ಕುಳಿತುಬಿಡುವುದು. ಸಾಮಾನು ತುಂಬಿಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೊರಟರೆ ಖಂಬಾಟ್ಕಿ ಘಾಟ್ ತಲುಪುವುದರೊಳಗೆ ಆಕ್ಸಲ್ ಮೇಲಿನ ರಬ್ಬರ್ ಸ್ಟಾಪರ್ ಬಡಿಯತೊಡಗುತ್ತದೆ. ಗ್ಯಾರೇಜಿನಲ್ಲಿ ಸಿಗುವ ಸಲಹೆ, "ಒಂದು ಪಾಟಾ ಜಾಸ್ತಿ ಹಾಕೋಣ". ಇಲ್ಲಿನ ಮಿಸ್ತ್ರಿಗಳ ಪಾಟಾ ಅಂದರೆ ನಮ್ಮ ಕಮಾನ್ ಪಟ್ಟೆ (ಲೀಫ್ ಸ್ಪ್ರಿಂಗ್): ಗಾಡಿಯ ಭಾರ ಹೊರಲು ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳಲ್ಲಿ ಒಂದು. ಒಪ್ಪಿಕೊಳ್ಳುವ ಮೊದಲು ಗಾಡಿ ಕುಳಿತದ್ದೇಕೆ ಎಂದು ನೋಡಿ. ಹೆಚ್ಚಿನ ಗಾಡಿಗಳಿಗೆ ಬೇಕಿರುವುದು ಕಂಪನಿ ಕೊಟ್ಟಿದ್ದ ಎತ್ತರವನ್ನು ಮರಳಿ ತರುವುದಷ್ಟೇ.

ಮೊದಲು ಅಳತೆ

ಸಮತಟ್ಟು ನೆಲ, ತುಂಬಿದ ಟ್ಯಾಂಕ್, ಸರಿಯಾದ ಗಾಳಿ, ಒಳಗೆ ಯಾರೂ ಇಲ್ಲ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ. ಸ್ಟಾಪರ್‌ಗೂ ಆಕ್ಸಲ್‌ಗೂ ನಡುವಿನ ಅಂತರವನ್ನೂ ಬರೆಯಿರಿ. ಎಡಬಲಗಳ ವ್ಯತ್ಯಾಸ 10-12 ಮಿ.ಮೀ. ದಾಟಿದ್ದರೆ ಒಂದು ಕಡೆ ಪಟ್ಟೆ ಮುರಿದಿದೆ, ಇಲ್ಲವೇ ಶ್ಯಾಕಲ್‌ನ (ಪಟ್ಟೆಯ ಒಂದು ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿಯ) ಬುಷ್ ಸತ್ತಿದೆ ಎಂದು ಅನುಮಾನಿಸಿ. ಪಟ್ಟೆ ಹೆಚ್ಚಾಗಿ ಬಿರುಕು ಬಿಡುವುದು ಪಟ್ಟೆಗಳನ್ನು ನಡುವೆ ಬಿಗಿದಿಡುವ ಸೆಂಟರ್ ಬೋಲ್ಟಿನ ತೂತಿನ ಬಳಿ. ಪಟ್ಟೆಯನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟಿನ ಪ್ಲೇಟಿನ ಕೆಳಗೆ ಅಡಗಿರುವುದರಿಂದ ಬಿಚ್ಚದೆ ಕಾಣುವುದಿಲ್ಲ. ಗೋವಾ, ಮುಂಬೈ ಕಡೆ ಓಡಿದ ಗಾಡಿಯಲ್ಲಿ ಉಪ್ಪುಗಾಳಿ, ಮಳೆಯಿಂದ ಪಟ್ಟೆಗಳ ನಡುವೆ ತುಕ್ಕು ಉಬ್ಬಿರುತ್ತದೆ. ಆಗ ಪಟ್ಟೆಗಳು ಒಂದರ ಮೇಲೊಂದು ಜಾರದೆ ಗಾಡಿ ಕಲ್ಲಿನಂತೆ ಕುಟ್ಟುತ್ತದೆ. ಜನ ಇದನ್ನು ಶಾಕ್ ಅಬ್ಸಾರ್ಬರ್ ದೋಷವೆಂದುಕೊಂಡು ಸುಮ್ಮನೆ ಹಣ ಸುರಿಯುತ್ತಾರೆ.

ಬಿಚ್ಚುವುದು

ಹಿಂದಿನ ಸಂಜೆಯೇ ಯು-ಬೋಲ್ಟ್ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಗಳಿಗೆ ಅಡ್ಡ ಇಟ್ಟು, ಸ್ಟ್ಯಾಂಡನ್ನು ಚಾಸಿ ಕೆಳಗೆ ಕೊಡಿ, ಆಕ್ಸಲ್ ಕೆಳಗಲ್ಲ. ಆಕ್ಸಲ್ಲಿನ ಭಾರ ಹೊರಲು ಬೇರೆಯೇ ಜ್ಯಾಕ್ ಇರಲಿ. ಶಾಕ್ ಅಬ್ಸಾರ್ಬರಿನ ಕೆಳತುದಿ, ಯು-ಬೋಲ್ಟ್, ಶ್ಯಾಕಲ್, ಕೊನೆಗೆ ಪಟ್ಟೆಯ ಮುಂದಿನ ಕಣ್ಣಿನ (ತುದಿಯ ಸುರುಳಿ ತೂತಿನ) ಪಿನ್ನು, ಈ ಕ್ರಮದಲ್ಲಿ ಬಿಚ್ಚಿ. ಆಕ್ಸಲ್ ಬ್ರೇಕ್ ಹೋಸಿನ ಮೇಲೆ ಜೋತುಬೀಳದಂತೆ ನೋಡಿಕೊಳ್ಳಿ.

ಪಟ್ಟೆಗಳ ಕಟ್ಟು ಬಿಗಿ ತುಂಬಿದ ಬಿಲ್ಲು. ಸೆಂಟರ್ ಬೋಲ್ಟ್ ಸಡಿಲಿಸುವ ಮೊದಲು ಅದರ ಎರಡೂ ಬದಿಗೆ ಗಟ್ಟಿ ಸಿ-ಕ್ಲ್ಯಾಂಪ್ ಹಾಕಿ, ಪಕ್ಕದಲ್ಲಿ ನಿಂತು ನಿಧಾನ ಬಿಡಿ. ಇಲ್ಲಿ ಅವಸರ ಮಾಡಿದರೆ ಬೆರಳೇ ಹೋಗುತ್ತದೆ.

ಪ್ರತಿ ಪಟ್ಟೆಯನ್ನೂ ತಂತಿ ಬ್ರಷ್‌ನಿಂದ ಉಜ್ಜಿ ಬಿರುಕು ಹುಡುಕಿ. ಕೆಳಪಟ್ಟೆಯ ತುದಿ ಮೇಲಿನದನ್ನು ಕೊರೆದು ಅಡ್ಡಗೆರೆ ಮಾಡಿದ್ದರೆ ಮುಂದೆ ಮುರಿಯುವುದು ಅಲ್ಲೇ. ಗೆರೆ ಆಳವಾಗಿದ್ದರೆ ಆ ಪಟ್ಟೆ ಬದಲಿಸಿ. ವೆಲ್ಡಿಂಗ್ ಮಾತ್ರ ಎಂದಿಗೂ ಬೇಡ. ಇದು ಬಿಸಿಮಾಡಿ ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ ಸ್ಪ್ರಿಂಗ್ ಸ್ಟೀಲ್. ಬೆಸುಗೆಯ ಅಂಚಿನಲ್ಲಿ ಗಾಜಿನಂತೆ ಒಡೆಯುತ್ತದೆ. ಗ್ಯಾಸ್ ಕಟ್ಟರ್‌ನಿಂದ ಅಲ್ಲಲ್ಲಿ ಕಾಯಿಸಿ ಬಗ್ಗಿಸಿದ ಪಟ್ಟೆ ಅಂದು ಎತ್ತರ ನಿಂತರೂ ಹದ ಹೋಗಿರುವುದರಿಂದ ಬೇಗನೆ ಮತ್ತೆ ಕುಳಿತುಬಿಡುತ್ತದೆ. ಕಮಾನು ಏರಿಸುವುದಾದರೆ ಪ್ರೆಸ್‌ನಲ್ಲಿ ತಣ್ಣಗೇ ಬಗ್ಗಿಸುವ, ಇಲ್ಲವೇ ಇಡೀ ಪಟ್ಟೆಗೆ ಹೊಸದಾಗಿ ಹದ ಕೊಡುವ ಅಂಗಡಿಗೆ ಒಯ್ಯಿರಿ. ಎಡಬಲ ಎರಡನ್ನೂ ಒಟ್ಟಿಗೇ ಮಾಡಿಸಬೇಕು.

ಒಂದು ಪಟ್ಟೆ ಸೇರಿಸಿದರೆ ಏನಾಗುತ್ತದೆ

ಸ್ಪ್ರಿಂಗಿನ ಬಿಗಿ ಪಟ್ಟೆಗಳ ಸಂಖ್ಯೆಗೆ ತಕ್ಕಂತೆ ನೇರವಾಗಿ ಏರುತ್ತದೆ, ಆದರೆ ದಪ್ಪಕ್ಕೆ ಘನದ ಲೆಕ್ಕದಲ್ಲಿ. ಐದು ಪಟ್ಟೆಗಳ ಕಟ್ಟಿಗೆ ಅಷ್ಟೇ ಉದ್ದದ, ಅಷ್ಟೇ ದಪ್ಪದ ಇನ್ನೊಂದು ಸೇರಿದರೆ ಬಿಗಿ ಸುಮಾರು 20 ಪ್ರತಿಶತ ಹೆಚ್ಚು. 6 ಮಿ.ಮೀ. ಪಟ್ಟೆಗಳ ಬದಲಿಗೆ 7 ಮಿ.ಮೀ. ಹಾಕಿದರೆ ಸುಮಾರು 59 ಪ್ರತಿಶತ! "ಸ್ವಲ್ಪ ದಪ್ಪದ್ದು ಹಾಕಿಬಿಡಿ" ಎಂಬ ಮಾತು ಅಪಾಯಕಾರಿಯಾಗುವುದು ಇದಕ್ಕೇ. ಖಾಲಿ ಗಾಡಿಯ ಹಿಂಭಾಗ ಪುಟಿಯುತ್ತದೆ, ಮಳೆಗಾಲದ ತಿರುವಿನಲ್ಲಿ ಹಿಂಚಕ್ರ ಹಿಡಿತ ಬಿಡುತ್ತದೆ. ಬೇಕೇ ಬೇಕೆಂದರೆ ಮೂಲ ದಪ್ಪದ ಚಿಕ್ಕ ಪಟ್ಟೆಯೊಂದನ್ನು ಕೆಳಭಾಗಕ್ಕೆ ಸೇರಿಸಿ, ಅಷ್ಟೇ. ಅದರಿಂದ ಆರ್‌ಸಿಯಲ್ಲಿ ಬರೆದ ಭಾರದ ಮಿತಿಯೇನೂ ಏರುವುದಿಲ್ಲ.

ಉದ್ದದ ಶ್ಯಾಕಲ್ ಅಗ್ಗದ ಉಪಾಯ. ಶ್ಯಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟು ಮಾತ್ರ ಗಾಡಿ ಏಳುತ್ತದೆ, 50 ಮಿ.ಮೀ. ಏರಿಸಲು 100 ಮಿ.ಮೀ. ಹೆಚ್ಚು ಉದ್ದ ಬೇಕು. ಅಷ್ಟರಲ್ಲಿ ಆಕ್ಸಲ್ ತಿರುಗಿ ಪಿನಿಯನ್ ಕೋನ (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್ಲಿಗೆ ಸೇರುವ ಕೋನ) ಕೆಡುತ್ತದೆ, ಪ್ರೊಪೆಲ್ಲರ್ ಶಾಫ್ಟ್ ನಡುಗಿ ಯೂನಿವರ್ಸಲ್ ಜಾಯಿಂಟ್ ಸವೆಯುತ್ತದೆ. ಜೀಪು, ಜಿಪ್ಸಿಯ ಮುಂದೆ ಹೀಗೆ ಮಾಡಿದರೆ ಕ್ಯಾಸ್ಟರ್ (ಸ್ಟೀರಿಂಗನ್ನು ನೇರ ನಿಲ್ಲಿಸುವ ವಾಲಿಕೆ) ಬದಲಾಗಿ ಸ್ಟೀರಿಂಗ್ ಅಲೆಯುತ್ತದೆ. ಎತ್ತರಕ್ಕೆಂದು ಮುಂದಿನ ಆಕ್ಸಲ್ಲಿಗೂ ಪಟ್ಟೆಗೂ ನಡುವೆ ಬ್ಲಾಕ್ ಇಡುವುದಂತೂ ಕೂಡದು: ಬ್ರೇಕ್ ಒತ್ತಿದಾಗ ಅದು ಜಾರಿ ಹೊರಬಿದ್ದರೆ ಸ್ಟೀರಿಂಗೇ ಉಳಿಯುವುದಿಲ್ಲ. ಜಿಪ್ಸಿಯ ಪಟ್ಟೆಗಳನ್ನು ಆಕ್ಸಲ್ ಕೆಳಗಿಂದ ಮೇಲಕ್ಕೆ ಸಾಗಿಸಿ ಸುಮಾರು 5 ಇಂಚು ಎತ್ತುವುದು ಕಾಡುದಾರಿಯ ಶೋಕಿ. ರಸ್ತೆಯ ಗಾಡಿಗೆ ಅದನ್ನು ನಾವು ಹೇಳುವುದೇ ಇಲ್ಲ.

ಮರುಜೋಡಣೆ

ಹೊಸ ಯು-ಬೋಲ್ಟ್, ಹೊಸ ನಟ್ಟು, 8.8 ಅಥವಾ 10.9 ದರ್ಜೆಯ ಹೊಸ ಸೆಂಟರ್ ಬೋಲ್ಟ್ ತನ್ನಿ. ಹಳೆಯ ಯು-ಬೋಲ್ಟ್ ಒಮ್ಮೆ ಹಿಗ್ಗಿದ್ದು, ಮತ್ತೆ ಅದೇ ಬಿಗಿ ಹಿಡಿಯದು. ಪುಣೆಯಲ್ಲಿ ನಾನಾ ಪೇಠೆ, ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹುಡುಕಿ. ಹಳೆಯದನ್ನು ಅಳತೆಗೆ ಕೈಯಲ್ಲೇ ಒಯ್ಯಿರಿ. ಪಟ್ಟೆಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಆದರೆ ರಬ್ಬರ್ ಬುಷ್‌ಗೆ ಅದು ತಾಗದಿರಲಿ, ಉಬ್ಬಿ ಹಾಳಾಗುತ್ತದೆ.

ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ಕುಳಿಯೊಳಗೆ ಕೂತದ್ದನ್ನು ಕಣ್ಣಾರೆ ನೋಡಿ. ಯು-ಬೋಲ್ಟ್ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಮೂರ್ನಾಲ್ಕು ಸುತ್ತಿನಲ್ಲಿ, ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿಯಿರಿ. ರಬ್ಬರ್ ಬುಷ್ ಇರುವ ಕಣ್ಣು, ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿ ಗಾಡಿ ಚಕ್ರದ ಮೇಲೆ ನಿಂತ ನಂತರವೇ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹೆಚ್ಚಿನ ಗ್ಯಾರೇಜುಗಳಲ್ಲಿ ತಪ್ಪುವುದು ಇಲ್ಲೇ; ಎದುರಿಗೆ ನಿಂತು ಮಾಡಿಸಿ. 100 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ. ಹೆಡ್‌ಲೈಟ್ ಮಟ್ಟವನ್ನೂ ಸರಿಮಾಡಿಸಿ.

ಕಾನೂನು

1988ರ ಮೋಟಾರು ವಾಹನ ಕಾಯ್ದೆ ಕೇಂದ್ರದ್ದು, ಹಾಗಾಗಿ ಮಹಾರಾಷ್ಟ್ರ, ಗೋವಾ, ಕರ್ನಾಟಕಕ್ಕೆ ನಿಯಮ ಒಂದೇ. 52ನೇ ಕಲಂ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. ಮಾರ್ಪಾಡು ಎಂದರೆ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂದು ಅಲ್ಲಿಯೇ ಹೇಳಿದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೆ. ಜಯಚಂದ್ರ ಪ್ರಕರಣದಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ಹೇಳುತ್ತದೆ.

ಸವೆದ ಪಟ್ಟೆ, ಬುಷ್, ಶ್ಯಾಕಲ್ಲುಗಳನ್ನು ಮೂಲ ಅಳತೆಯವುಗಳಿಂದ ಬದಲಿಸುವುದು ರಿಪೇರಿ. ಚಾಸಿ ಕೊಯ್ದು ಪಟ್ಟೆ ತಗುಲಿಸುವ ಹ್ಯಾಂಗರ್ ಬೆಸೆಯುವುದು, ಪಟ್ಟೆ ತೆಗೆದು ಕಾಯಿಲ್ ಸ್ಪ್ರಿಂಗ್ ಕೂರಿಸುವುದು ರಚನೆಯನ್ನೇ ಮುಟ್ಟುವ ಕೆಲಸ. ಆರ್‌ಟಿಒ ಅನುಮತಿಯಿಲ್ಲದೆ ಕೈಹಾಕಬೇಡಿ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ಕ್ಲೇಮಿಗೆ ಕುತ್ತಾಗಬಹುದು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕೆಂದಿದ್ದರೆ ಚಾಸಿ ಮೂಲದ್ದೇ ಇರಬೇಕು.

ಕೆಎ ನಂಬರಿನ ಗಾಡಿ ತಂದವರು ಇನ್ನೊಂದನ್ನು ಗಮನಿಸಿ: ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಮರುನೋಂದಣಿ ಆಗಬೇಕು. 15 ವರ್ಷ ದಾಟಿದ ಖಾಸಗಿ ಕಾರಿಗೆ 5 ವರ್ಷಕ್ಕೊಮ್ಮೆ ನವೀಕರಣವಿದೆ. ಇಂಥ ಪಾಸಿಂಗ್ (ಆರ್‌ಟಿಒ ತಪಾಸಣೆ) ಹೊತ್ತಿನಲ್ಲಿ ಇನ್‌ಸ್ಪೆಕ್ಟರ್ ಗಾಡಿಯನ್ನೇ ನೋಡುತ್ತಾರೆ, ಕಾಗದವನ್ನಷ್ಟೇ ಅಲ್ಲ. ಬಿಡಿಭಾಗಗಳ ಬಿಲ್ಲು, ಕೆಲಸಕ್ಕೆ ಮುಂಚಿನ ಮತ್ತು ನಂತರದ ಎತ್ತರದ ಅಳತೆ, ನಾಲ್ಕು ಫೋಟೋಗಳನ್ನು ಆರ್‌ಸಿ ಜೊತೆಯಲ್ಲೇ ಇಟ್ಟುಕೊಂಡು ಹೋಗಿ.