ಹದಿನಾಲ್ಕು ರಾತ್ರಿಯ ಕ್ರೂಸ್ ರುಚಿ ಹತ್ತಿದ ಮೇಲೆ ಮೂರು ರಾತ್ರಿಯದು ಸಾಕಾಗುತ್ತದೆಯೇ?

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಹಡಗು ಹತ್ತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಳಿಯುವ ಮೂರು ರಾತ್ರಿಯ ಕ್ರೂಸಿನಲ್ಲಿ ಸಿಗುವುದು ಒಟ್ಟು 67 ಗಂಟೆ. ನಿದ್ದೆಗೆ 24 ಬಿಟ್ಟರೆ ಉಳಿಯುವುದು 43. ಚೆಕ್-ಇನ್ ಸಾಲು, ಸುರಕ್ಷತಾ ಡ್ರಿಲ್, ಕ್ಯಾಬಿನ್ ಸಿಗುವ ತನಕ ಕಾಯುವುದು, ಲಗೇಜ್ ದಾರಿ ನೋಡುವುದು, ಕೊನೆಯ ಸಂಜೆ ಪೆಟ್ಟಿಗೆ ಕಟ್ಟುವುದು, ಇಳಿಯುವ ಬೆಳಗಿನ ನೂಕುನುಗ್ಗಲು, ಎಲ್ಲ ಸೇರಿ ಎಂಟು ಗಂಟೆ ಹಿಡಿಯಿರಿ. ಏಳು ರಾತ್ರಿಯದಕ್ಕೂ ಇದೇ ಎಂಟು ಗಂಟೆ, 14 ರಾತ್ರಿಯದಕ್ಕೂ ಇದೇ. ಅಂದರೆ ಮೂರು ರಾತ್ರಿಯ ಪ್ರವಾಸದಲ್ಲಿ ಎಚ್ಚರವಿರುವ ಹೊತ್ತಿನ ಹತ್ತಿರ ಹತ್ತಿರ ಐದನೇ ಒಂದು ಪಾಲು ಹತ್ತಿ ಇಳಿಯುವುದರಲ್ಲೇ ಮುಗಿದುಹೋಗುತ್ತದೆ. ಹದಿನಾಲ್ಕು ರಾತ್ರಿಯಲ್ಲಿ ಅದು ಇಪ್ಪತ್ತೈದನೇ ಒಂದು ಪಾಲೂ ಆಗುವುದಿಲ್ಲ. ಉದ್ದದ ಕ್ರೂಸ್ ಮಾಡಿ ಬಂದವರು ಚಿಕ್ಕದನ್ನು ಹತ್ತಿ ‘ಏನೋ ಸಪ್ಪೆ’ ಎನ್ನುವುದಕ್ಕೆ ಊಟವೋ ಹಡಗೋ ಕಾರಣವಲ್ಲ, ಈ ಲೆಕ್ಕವೇ ಕಾರಣ.

ದುಡ್ಡಿನ ಕಥೆಯೂ ಅಷ್ಟೇ. ಜಾಹೀರಾತಿನ ಟಿಕೆಟ್ ದರ ಕಡಿಮೆ ಕಾಣುತ್ತದೆ, ನಿಜ. ಆದರೆ ವಿಮಾನ, ಹಿಂದಿನ ರಾತ್ರಿಯ ಹೋಟೆಲ್, ಟ್ಯಾಕ್ಸಿ ಅಥವಾ ಪಾರ್ಕಿಂಗ್, ವೀಸಾ, ಇವೆಲ್ಲ ನೀವು ಎಷ್ಟು ರಾತ್ರಿ ಹಡಗಿನಲ್ಲಿ ಇರುತ್ತೀರಿ ಎಂದು ಕೇಳುವುದಿಲ್ಲ. ಬಂದರು ಶುಲ್ಕ ಮತ್ತು ತೆರಿಗೆ ಕೂಡ ಚಿಕ್ಕ ಕ್ರೂಸಿನ ಟಿಕೆಟ್ ಪಕ್ಕದಲ್ಲಿಟ್ಟು ನೋಡಿದರೆ ದೊಡ್ಡದಾಗಿಯೇ ಕಾಣುತ್ತದೆ. ಆದ್ದರಿಂದ ನಾನು ಟಿಕೆಟ್ ದರವನ್ನು ರಾತ್ರಿಗಳಿಂದ ಭಾಗಿಸುವುದಿಲ್ಲ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಆಗುವ ಪೂರ್ತಿ ಖರ್ಚನ್ನು ಭಾಗಿಸುತ್ತೇನೆ. ಹಾಗೆ ನೋಡಿದರೆ ವಿಮಾನ ಹತ್ತಿ ಬಂದರಿಗೆ ಹೋಗಬೇಕಾದವರಿಗೆ ಮೂರು ರಾತ್ರಿಯದು ಅದೊಂದೇ ಆದರೆ ಗಿಟ್ಟುವುದು ಅಪರೂಪ. ಎರಡು ಮೂರು ಗಂಟೆ ಕಾರು ಓಡಿಸಿ ಬಂದರು ಮುಟ್ಟುವವರ ಮಾತೇ ಬೇರೆ.

ಹಾಗಾದರೆ ಬುಕ್ ಮಾಡುವುದು ಯಾವಾಗ? ಹಡಗನ್ನೇ ನೋಡಬೇಕು ಅನ್ನಿಸಿದಾಗ. ಒಂದು ಕಾಲಕ್ಕೆ ಕಂಪನಿಗಳು ವಯಸ್ಸಾದ, ಸಣ್ಣ ಹಡಗುಗಳನ್ನು ವಾರಾಂತ್ಯದ ಓಡಾಟಕ್ಕೆ ಬಿಡುತ್ತಿದ್ದವು. ಈಗ ಹೊಸ ಹಡಗುಗಳೇ ಬರುತ್ತಿವೆ. ಡಿಸ್ನಿ ಕಂಪನಿಯ ‘ಡಿಸ್ನಿ ವಿಶ್’ 2022ರಲ್ಲಿ, ರಾಯಲ್ ಕೆರಿಬಿಯನ್ ಕಂಪನಿಯ ‘ಯುಟೋಪಿಯಾ ಆಫ್ ದ ಸೀಸ್’ 2024ರ ಜುಲೈನಲ್ಲಿ, ಎರಡೂ ಅಮೆರಿಕದ ಫ್ಲೋರಿಡಾದ ಪೋರ್ಟ್ ಕೆನಾವೆರಲ್‌ಗೆ ಮೂರು ಮತ್ತು ನಾಲ್ಕು ರಾತ್ರಿಯ ಕ್ರೂಸಿಗೆಂದೇ ಬಂದವು. ಮುಂದೆ ಎರಡು ವಾರಕ್ಕೆ ಒಂದು ಕಂಪನಿಯ ಹಡಗು ಹಿಡಿಯುವ ಯೋಚನೆ ಇದ್ದರೆ, ಅದೇ ಕಂಪನಿಯ ನಾಲ್ಕು ರಾತ್ರಿಯದು ಒಳ್ಳೆಯ ಪರೀಕ್ಷೆ. ಹಾಸಿಗೆ ಹೇಗಿದೆ, ಗೋಡೆಯಾಚೆಯ ಸದ್ದು ಎಷ್ಟು ಕೇಳುತ್ತದೆ, ಬಫೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೂರಲು ಜಾಗ ಸಿಗುತ್ತದೆಯೇ, ಊಟದಲ್ಲಿ ನಿಮ್ಮ ಪಥ್ಯ ಹೇಳಿದರೆ ಅಡುಗೆಮನೆ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತದೆ, ಇದೆಲ್ಲ ಎರಡನೇ ದಿನದ ಹೊತ್ತಿಗೆ ತಿಳಿದುಬಿಡುತ್ತದೆ. ಒಂದೇ ವಿಷಯ ತಿಳಿಯುವುದಿಲ್ಲ: ಅದೇ ಹಡಗಿನ ಉದ್ದದ ಪ್ರವಾಸದ ಜನ ಹೇಗಿರುತ್ತಾರೆ ಎಂಬುದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಊರು ನೋಡಲೆಂದು ಚಿಕ್ಕ ಕ್ರೂಸ್ ಹಿಡಿದರೆ ಬೇಸರ ಗ್ಯಾರಂಟಿ. ಫ್ಲೋರಿಡಾದ ಮಯಾಮಿಯಿಂದ ಬಹಾಮಾಸ್ ದೇಶದ ನಸ್ಸಾವಿಗೆ ಸುಮಾರು 185 ನಾಟಿಕಲ್ ಮೈಲಿ. ಸಂಜೆ ನಾಲ್ಕೂವರೆಗೆ ಹೊರಟ ಹಡಗು 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದಲ್ಲಿ ನಿಧಾನವಾಗಿ ಹೋದರೂ ಮರುದಿನ ಬೆಳಿಗ್ಗೆ ಎಂಟರೊಳಗೆ ಅಲ್ಲಿರುತ್ತದೆ. ಮೂರು ರಾತ್ರಿಗೆ ಸಿಗುವ ವ್ಯಾಪ್ತಿ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ನಸ್ಸಾವು, ಕಂಪನಿಗಳ ಖಾಸಗಿ ದ್ವೀಪಗಳು, ಲಾಸ್ ಏಂಜಲೀಸ್ ಕಡೆಯಿಂದ ಮೆಕ್ಸಿಕೊದ ಎನ್ಸೆನಾಡಾ, ಹೀಗೆ ಅವೇ ಹೆಸರುಗಳು ತಿರುಗಿ ತಿರುಗಿ ಬರುತ್ತವೆ. ಇದರ ಹಿಂದೆ ಕಾನೂನೂ ಇದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಎನ್ನುತ್ತದೆ 1886ರ ಕಾಯ್ದೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ವಿದೇಶಿ ಧ್ವಜದವೇ ಆದ್ದರಿಂದ ದಾರಿಯಲ್ಲಿ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು, ಹತ್ತಿರದ್ದನ್ನೇ ಮುಟ್ಟುತ್ತವೆ.

ಈಗಾಗಲೇ ನೋಡಿದ ಬಂದರು ಬಂದರೆ ನಾನು ಇಳಿಯುವುದೇ ಇಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಕ್ಕಾಲು ಜನ ದಡದಲ್ಲಿರುತ್ತಾರೆ. ಈಜುಕೊಳ ಖಾಲಿ, ವಾಟರ್ ಸ್ಲೈಡಿಗೆ ಸಾಲಿಲ್ಲ, ಸ್ಪಾದಲ್ಲಿ ಬಂದರು ದಿನದ ರಿಯಾಯಿತಿ. ದೊಡ್ಡ ಹಡಗನ್ನು ನೆಮ್ಮದಿಯಾಗಿ ಅನುಭವಿಸಲು ಚಿಕ್ಕ ಕ್ರೂಸಿನಲ್ಲಿ ಸಿಗುವ ಒಂದೇ ಹೊತ್ತು ಇದು. ಕ್ಯಾಸಿನೊ ಮತ್ತು ಸುಂಕವಿಲ್ಲದ ಅಂಗಡಿಗಳು ಮಾತ್ರ ಸಾಮಾನ್ಯವಾಗಿ ಹಡಗು ಬಂದರಿನಲ್ಲಿರುವಾಗ ಮುಚ್ಚಿರುತ್ತವೆ.

ಇನ್ನು ಹೊಟ್ಟೆ ತೊಳಸುವ ವಿಷಯ. ಉದ್ದದ ಕ್ರೂಸ್ ಅಭ್ಯಾಸವಾದವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಎರಡು ಮೂರು ದಿನದಲ್ಲಿ ದೇಹ ಅಲೆಗೆ ತಾನೇ ಹೊಂದಿಕೊಳ್ಳುತ್ತದೆ. ಮೂರು ರಾತ್ರಿಯ ಪ್ರವಾಸದಲ್ಲಿ ಹೊಂದಿಕೊಳ್ಳುವ ಹೊತ್ತಿಗೆ ಇಳಿಯುವ ದಿನ ಬಂದಿರುತ್ತದೆ. ಆದ್ದರಿಂದ ಇಲ್ಲಿ ‘ಶುರುವಾದ ಮೇಲೆ ನೋಡೋಣ’ ನಡೆಯುವುದಿಲ್ಲ. ಕ್ಯಾಬಿನ್ ಅನ್ನು ಹಡಗಿನ ಉದ್ದಕ್ಕೆ ನಡುವೆ, ಕೆಳಗಿನ ಡೆಕ್ಕಿನಲ್ಲಿ ಹಿಡಿಯಬೇಕು. ಮೂತಿಯ ಕಡೆ ಮತ್ತು ಮೇಲಿನ ಡೆಕ್ಕುಗಳಲ್ಲಿ ತೂಗಾಟ ಜಾಸ್ತಿ. ಮೆಕ್ಲಿಜಿನ್ ಮಾತ್ರೆಯಾದರೆ ಹಡಗು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ನುಂಗಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿಯಾದರೆ ಕಡಿಮೆಯೆಂದರೆ ನಾಲ್ಕು ಗಂಟೆ ಮೊದಲು. ಒಂದು ಪಟ್ಟಿ ಮೂರು ದಿನ ಕೆಲಸ ಮಾಡುತ್ತದೆ, ಚಿಕ್ಕ ಕ್ರೂಸಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅದಕ್ಕೆ ವೈದ್ಯರ ಚೀಟಿ ಬೇಕು, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರು ಕೇಳದೆ ಹಚ್ಚಿಕೊಳ್ಳಬಾರದು. ಪಟ್ಟಿ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗುತ್ತದೆ, ಹಾಗಾಗಿ ಅಂಟಿಸಿದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ. ಎರಡರಲ್ಲಿ ಯಾವುದಾದರೂ ಮದ್ಯದ ಜೊತೆ ಸೇರಿದರೆ ತೂಕಡಿಕೆ ಜೋರು.

ಹವಾಮಾನದ ಜೂಜು ಕೂಡ ಇಲ್ಲಿ ದುಬಾರಿ. ನಾಲ್ಕು ಬಂದರಿರುವ ವಾರದ ಕ್ರೂಸಿನಲ್ಲಿ ಒಂದು ತಪ್ಪಿದರೆ ಮೂರು ಉಳಿಯುತ್ತವೆ. ಎರಡೇ ಇರುವಲ್ಲಿ ಒಂದು ತಪ್ಪಿದರೆ ಅರ್ಧ ಪ್ರವಾಸವೇ ಹೋಯಿತು. ಹಡಗು ದೂರದಲ್ಲಿ ಲಂಗರು ಹಾಕಿ ಟೆಂಡರ್ ದೋಣಿಯಲ್ಲಿ ಜನರನ್ನು ಸಾಗಿಸುವ ಜಾಗಗಳು ಮೊದಲು ರದ್ದಾಗುತ್ತವೆ, ಯಾಕೆಂದರೆ ಅಲೆ ಸ್ವಲ್ಪ ಎದ್ದರೂ ದೋಣಿಗೆ ಕಾಲಿಡುವುದು ಅಪಾಯ. ತೆರೆದ ಸಮುದ್ರಕ್ಕೆ ಚಾಚಿದ ಕಟ್ಟೆಯಿರುವ ಖಾಸಗಿ ದ್ವೀಪಗಳೂ ಗಾಳಿ ಜೋರಾದ ದಿನ ಕೈಕೊಡುತ್ತವೆ. ನಸ್ಸಾವಿನಂಥ ಆಸರೆಯಿರುವ ಬಂದರು ತಪ್ಪುವುದು ಕಡಿಮೆ. ಚಳಿಗಾಲದಲ್ಲಿ ಬುಕ್ ಮಾಡುವಾಗ ದ್ವೀಪದ ಆಸೆಗೇ ಟಿಕೆಟ್ ತೆಗೆದುಕೊಳ್ಳುವುದಾದರೆ ಅದೇ ದ್ವೀಪಕ್ಕೆ ಎರಡು ದಿನ ಕೊಟ್ಟಿರುವ ಪ್ರವಾಸ ಹುಡುಕಿ. ಬಂದರು ತಪ್ಪಿದರೆ ನಿಮಗೆ ವಾಪಸು ಸಿಗುವುದು ಸಾಮಾನ್ಯವಾಗಿ ಬಂದರು ಶುಲ್ಕ ಮತ್ತು ಹಡಗಿನವರಿಂದಲೇ ಕೊಂಡ ಟೂರಿನ ಹಣ, ಅಷ್ಟೇ.

ಹತ್ತುವ ದಿನವನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಚಿಕ್ಕ ಕ್ರೂಸಿನ ಅರ್ಧ ಭವಿಷ್ಯ ನಿಂತಿದೆ. ಉದ್ದದ್ದರಲ್ಲಿ ಮಧ್ಯಾಹ್ನ ಮೂರಕ್ಕೆ ಬಂದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಕೂತು ಮೊದಲ ಬೋರ್ಡಿಂಗ್ ಸಮಯವನ್ನು ಹಿಡಿಯಿರಿ, ಸಾಮಾನ್ಯವಾಗಿ ಅದು ಹನ್ನೊಂದರ ಆಸುಪಾಸು. ದೊಡ್ಡ ಪೆಟ್ಟಿಗೆ ಬೇಡ. ಬಂದರಿನಲ್ಲಿ ಕೂಲಿಯವರ ಕೈಗೆ ಕೊಟ್ಟ ಲಗೇಜ್ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆ, ಕೆಲವೊಮ್ಮೆ ರಾತ್ರಿ ಊಟದ ನಂತರ. ಕೈಯಲ್ಲೇ ಒಯ್ಯುವಷ್ಟು ಬಟ್ಟೆ ಮೂರ್ನಾಲ್ಕು ರಾತ್ರಿಗೆ ಧಾರಾಳ ಸಾಕು. ಚಿಕ್ಕದರಲ್ಲಿ ಡ್ರೆಸ್ ಮಾಡಿಕೊಳ್ಳುವ ಸಂಜೆ ಒಂದೇ ಇರುತ್ತದೆ, ಅದಕ್ಕೂ ಕೋಟು ಕಡ್ಡಾಯ ಅನ್ನುವ ಹಡಗುಗಳು ಈಗ ಕಡಿಮೆ.

ಹತ್ತಿದ ಕೂಡಲೇ ಮೊದಲ ಕೆಲಸ ಡ್ರಿಲ್. ಕೋಸ್ಟಾ ಕಾನ್ಕಾರ್ಡಿಯಾ ಎಂಬ ಕ್ರೂಸ್ ಹಡಗು 2012ರ ಜನವರಿಯಲ್ಲಿ ಮುಳುಗಿದ ಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣ ಡ್ರಿಲ್ ಮುಗಿಯಲೇಬೇಕು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ನಿಮ್ಮ ಕಾರ್ಡಿನ ಮೇಲೆ ಬರೆದಿರುವ ಸೇರುವ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಆಯಿತು. ಹನ್ನೊಂದೂವರೆಗೆ ಹೋದರೆ ಐದು ನಿಮಿಷದ ಕೆಲಸ, ಮೂರೂವರೆಗೆ ಹೋದರೆ ಉದ್ದ ಸಾಲು. ಅದು ಮುಗಿದ ಮೇಲೆ ಬಫೆಗೆ ಹೋಗಬೇಡಿ, ಹತ್ತಿದವರೆಲ್ಲ ನೇರ ಅಲ್ಲಿಗೇ ಹೋಗಿರುತ್ತಾರೆ. ಮುಖ್ಯ ಊಟದ ಹಾಲ್ ಅಥವಾ ಚಿಕ್ಕ ಕೆಫೆ ತೆರೆದಿದ್ದರೆ ಅಲ್ಲಿಗೆ ಹೋಗಿ. ಈಜುಡುಗೆ, ಔಷಧಿ, ಚಾರ್ಜರ್ ಕೈಚೀಲದಲ್ಲೇ ಇದ್ದರೆ ಮಧ್ಯಾಹ್ನ ಒಂದೂವರೆಗೆ ಕ್ಯಾಬಿನ್ ಸಿದ್ಧವಾಗುವ ತನಕ ನೀರಿನಲ್ಲಿರಬಹುದು.

ಪ್ರದರ್ಶನಗಳ ಬಗ್ಗೆ ಒಂದು ಎಚ್ಚರಿಕೆ. ಉದ್ದದ ಕ್ರೂಸಿನಲ್ಲಿ ಇವತ್ತು ತಪ್ಪಿದ್ದು ನಾಳಿದ್ದು ಸಿಗಬಹುದು. ಚಿಕ್ಕದರಲ್ಲಿ ದೊಡ್ಡ ಶೋ ಒಂದೇ ರಾತ್ರಿ, ಬಹಳವೆಂದರೆ ಎರಡು ಸಲ. ಮುಂಗಡ ಬುಕಿಂಗ್ ಆ್ಯಪಿನಲ್ಲಿ ತೆರೆಯುತ್ತಿದ್ದಂತೆ ಹಿಡಿಯಿರಿ. ಹೆಚ್ಚಿನ ದುಡ್ಡಿನ ವಿಶೇಷ ರೆಸ್ಟೋರೆಂಟಿಗೆ ಹೋಗುವುದಾದರೆ ಮೊದಲ ರಾತ್ರಿಯೇ ಸರಿ. ಟೇಬಲ್ ಸುಲಭವಾಗಿ ಸಿಗುತ್ತದೆ, ಕೆಲವು ಕಡೆ ರಿಯಾಯಿತಿಯೂ ಇರುತ್ತದೆ. ಪಾನೀಯದ ಪ್ಯಾಕೇಜ್ ಮಾತ್ರ ಕೂಡಿ ಕಳೆದು ನೋಡಿಯೇ ಕೊಳ್ಳಬೇಕು. ಅದನ್ನು ಇಡೀ ಪ್ರವಾಸಕ್ಕೆ ದಿನದ ಲೆಕ್ಕದಲ್ಲಿ ಮಾರುತ್ತಾರೆ, ಅರ್ಧ ದಿನ ಮುಗಿದ ಮೇಲೆ ಹತ್ತಿದರೂ ಆ ದಿನಕ್ಕೆ ಪೂರ್ತಿ ದರ. ಮೂರು ದಿನದಲ್ಲಿ ಒಂದು ಅರ್ಧ ದಿನ, ಮತ್ತೊಂದು ದಡದಲ್ಲೇ ಕಳೆಯುವ ದಿನ ಎಂದಾದರೆ ಬಿಡಿಬಿಡಿಯಾಗಿ ಕೊಳ್ಳುವುದೇ ಅಗ್ಗ. ವೈಫೈ ವಿಷಯದಲ್ಲಿ ನನ್ನ ತೀರ್ಮಾನ ಸರಳ: ಮೂರು ರಾತ್ರಿಗೆ ಬೇಡ.

ಜನರ ವಿಷಯ ಹೇಳಬೇಕಿತ್ತಲ್ಲ. ವಾರಾಂತ್ಯದ ಮೂರು ರಾತ್ರಿಯದರಲ್ಲಿ ಗೆಳೆಯರ ಗುಂಪು, ಹುಟ್ಟುಹಬ್ಬ, ಮೊದಲ ಸಲ ಹಡಗು ಹತ್ತಿದವರ ಉತ್ಸಾಹ, ಎಲ್ಲ ಒಟ್ಟಿಗೆ. ರಾತ್ರಿ ಎರಡಕ್ಕೂ ಕಾರಿಡಾರಿನಲ್ಲಿ ಗದ್ದಲ. ಸೋಮವಾರ ಹೊರಟು ಶುಕ್ರವಾರ ಬರುವ ನಾಲ್ಕು ರಾತ್ರಿಯದು, ಶಾಲೆಗೆ ರಜೆಯಿಲ್ಲದ ವಾರವಾದರೆ, ಅದೇ ಹಡಗೇ ಎನ್ನುವಷ್ಟು ಶಾಂತ. ನಾಲ್ಕರಲ್ಲಿ ಹೆಚ್ಚಾಗಿ ಒಂದು ದಿನ ಪೂರ್ತಿ ಸಮುದ್ರದಲ್ಲೇ ಇರುತ್ತದೆ. ಉದ್ದದ ಕ್ರೂಸ್ ಇಷ್ಟಪಟ್ಟವರು ನಿಜವಾಗಿ ಹುಡುಕುವುದು ಆ ದಿನವನ್ನೇ. ನನ್ನ ಮಟ್ಟಿಗೆ ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ, ನಾಲ್ಕಕ್ಕೂ ಏಳಕ್ಕೂ ಇರುವುದಕ್ಕಿಂತ ದೊಡ್ಡದು. ಸಿಬ್ಬಂದಿಯಿಂದ ಮಾತ್ರ ಹೆಚ್ಚು ನಿರೀಕ್ಷಿಸಬೇಡಿ. ವಾರಕ್ಕೆ ಎರಡು ಸಲ ಇಡೀ ಹಡಗನ್ನು ಖಾಲಿ ಮಾಡಿ ತುಂಬಿಸುವವರಿಗೆ ನಿಮ್ಮ ಕಾಫಿಗೆ ಸಕ್ಕರೆ ಎಷ್ಟು ಎಂದು ನೆನಪಿಟ್ಟುಕೊಳ್ಳಲು ಪುರುಸೊತ್ತೇ ಇರುವುದಿಲ್ಲ.

ಕೊನೆಯ ರಾತ್ರಿ ಉಳಿಸಿಕೊಳ್ಳಲು ಒಂದೇ ದಾರಿ: ಪೆಟ್ಟಿಗೆಯನ್ನು ಸಿಬ್ಬಂದಿ ಒಯ್ಯಲೆಂದು ಬಾಗಿಲ ಹೊರಗೆ ಇಡದೆ ತಾನೇ ಹೊತ್ತು ಇಳಿಯುವುದು. ಹೊರಗಿಡುವವರು ಹತ್ತು ಹನ್ನೊಂದು ಗಂಟೆಯೊಳಗೆ ಕಟ್ಟಿ ಮುಗಿಸಬೇಕು, ಬೆಳಿಗ್ಗೆ ಟರ್ಮಿನಲಿನಲ್ಲಿ ತಮ್ಮ ಪೆಟ್ಟಿಗೆ ಹುಡುಕಬೇಕು. ಹೊತ್ತು ಇಳಿಯುವವರು ರಾತ್ರಿಯೆಲ್ಲ ಆರಾಮ, ಬೆಳಿಗ್ಗೆ ಏಳರ ಆಸುಪಾಸಿನಲ್ಲಿ ಮೊದಲ ಸಾಲಿನಲ್ಲೇ ಹೊರಗೆ.

ಮೂರು ಮತ್ತು ನಾಲ್ಕು ರಾತ್ರಿಯದನ್ನು ಬೆನ್ನಿಗೆ ಬೆನ್ನು ಜೋಡಿಸಿ ಏಳು ಮಾಡಿಕೊಳ್ಳುವವರಿದ್ದಾರೆ. ವಿಮಾನದ ಖರ್ಚು ಒಂದೇ ಸಲ ಆಗುತ್ತದೆ, ಆ ಮಟ್ಟಿಗೆ ಲಾಭ. ಆದರೆ ಮೆನು, ಶೋ, ದ್ವೀಪ ಎಲ್ಲ ಎರಡು ಸಲ ಅವೇ. ಎರಡಕ್ಕೂ ಒಂದೇ ಕ್ಯಾಬಿನ್ ಸಿಕ್ಕಿದರೆ ಮಾತ್ರ ಇದಕ್ಕೆ ಕೈಹಾಕಿ, ಇಲ್ಲದಿದ್ದರೆ ನಡುವಿನ ದಿನ ಸಾಮಾನು ಹೊತ್ತು ಅಲೆಯುವುದರಲ್ಲೇ ಮುಗಿಯುತ್ತದೆ. ಅಮೆರಿಕದ ಬಂದರಿನಲ್ಲಿ ನಡುವಿನ ಬೆಳಿಗ್ಗೆ ಎಲ್ಲರ ಜೊತೆ ಇಳಿದು ವಲಸೆ ತಪಾಸಣೆ ಮುಗಿಸಿ ಮತ್ತೆ ಹತ್ತಬೇಕಾಗುತ್ತದೆ, ಒಂದೇ ಪ್ರವೇಶದ ವೀಸಾ ಇದ್ದವರು ಇದನ್ನು ಮೊದಲೇ ಗಮನಿಸಿ.

ಮತ್ತೆ ಮತ್ತೆ ಬರುವ ಗ್ರಾಹಕರಿಗೆ ಕಂಪನಿಗಳು ಕೊಡುವ ಸದಸ್ಯತ್ವದ ಮೆಟ್ಟಿಲು ಹತ್ತುವ ಆಸೆಯಿದ್ದವರಿಗೆ ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ರಾಯಲ್ ಕೆರಿಬಿಯನ್ ರಾತ್ರಿಗೆ ಒಂದು ಪಾಯಿಂಟ್ ಕೊಡುತ್ತದೆ, ಸ್ವೀಟ್ (ದೊಡ್ಡ ದುಬಾರಿ ಕ್ಯಾಬಿನ್) ಆದರೆ ಎರಡು. ಅಲ್ಲಿ ಚಿಕ್ಕ ಕ್ರೂಸಿನಿಂದ ವಿಶೇಷ ಲಾಭವಿಲ್ಲ. ಡಿಸ್ನಿ ಎಣಿಸುವುದು ಕ್ರೂಸುಗಳನ್ನು, ರಾತ್ರಿಗಳನ್ನಲ್ಲ. ಅಲ್ಲಿ ಮೂರು ರಾತ್ರಿಯದೂ ಹದಿನಾಲ್ಕರದೂ ಸಮ.

ಇಷ್ಟೆಲ್ಲದರ ನಡುವೆ ನಾನು ಕಣ್ಣು ಮುಚ್ಚಿ ಶಿಫಾರಸು ಮಾಡುವ ಚಿಕ್ಕ ಕ್ರೂಸುಗಳು ಎರಡು ಬಗೆ. ಒಂದು, ಸ್ಟಾಕ್‌ಹೋಮ್-ಹೆಲ್ಸಿಂಕಿ ನಡುವಿನ ರಾತ್ರಿ ಹಡಗು. ಸಾವಿರಾರು ಪುಟ್ಟ ದ್ವೀಪಗಳ ನಡುವೆ ಗಂಟೆಗಟ್ಟಲೆ ಸಾಗುವ ದಾರಿ ಅದು, ಬೇಸಿಗೆಯಲ್ಲಿ ಊಟ ಮುಗಿದ ಮೇಲೂ ಡೆಕ್ಕಿನಲ್ಲಿ ಬೆಳಕಿರುತ್ತದೆ. ನಡುವೆ ಫಿನ್ಲೆಂಡಿನ ಓಲಂಡ್ ದ್ವೀಪಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲುವುದು ತೆರಿಗೆಯಿಲ್ಲದ ಮಾರಾಟಕ್ಕಾಗಿ. ಇನ್ನೊಂದು, ಅಲಾಸ್ಕಾ ಹಂಗಾಮು ಮುಗಿಸಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ವ್ಯಾಂಕೂವರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊ ಅಥವಾ ಲಾಸ್ ಏಂಜಲೀಸ್ ಕಡೆಗೆ ದಕ್ಷಿಣಕ್ಕೆ ಇಳಿಯುವ ಹಡಗುಗಳ ಮೂರರಿಂದ ಐದು ರಾತ್ರಿಯ ಒಮ್ಮುಖ ಪ್ರಯಾಣ. ಬಂದರು ಕಡಿಮೆ, ಸಮುದ್ರದ ದಿನ ಹೆಚ್ಚು, ಮಕ್ಕಳು ವಿರಳ. ಪೆಸಿಫಿಕ್ ಆ ಕಾಲದಲ್ಲಿ ತಣ್ಣಗೆ, ಹಲವು ಸಲ ಒರಟು. ಬೆಚ್ಚನೆಯ ಜಾಕೆಟ್ ಇರಲಿ, ಹಡಗಿನ ನಡುವಿನ ಕ್ಯಾಬಿನ್ ಇಲ್ಲಿ ಕಡ್ಡಾಯ ಅಂದುಕೊಳ್ಳಿ. ಹತ್ತುವ ಊರು ಬೇರೆ, ಇಳಿಯುವ ಊರು ಬೇರೆಯಾದ್ದರಿಂದ ವಿಮಾನ ಟಿಕೆಟ್ ದರ ನೋಡಿಕೊಂಡೇ ಹಡಗಿನ ಟಿಕೆಟಿಗೆ ದುಡ್ಡು ಕಟ್ಟಿ.